ಮಾಸ್ತರರ ಕ್ಯಾಮೆರಾಕ್ಕೆ ಒಬ್ಬ ರಿಪೇರಿಯವನು

೧೨ ಸೆಪ್ಟೆಂಬರ್ ೨೦೦೨, ಗುರುವಾರ

ಇಡೀ ರೋಲು ಸುಟ್ಟುಹೋಗಿದೆ. ಈ ತುದಿಯಿಂದ ಆ ತುದಿಯವರೆಗೆ ಕಾಡಿಗೆ ಬಳಿದಂತೆ ಕಪ್ಪು. ಫಿಲ್ಮು ತೊಳೆದುಕೊಟ್ಟ ಸ್ಟುಡಿಯೋದವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, "ಶಟರು ತೆರೆದದ್ದು ಮುಚ್ಚಿಕೊಂಡೇ ಇಲ್ಲ ತಾಯಿ, ಬೆಳಕೆಲ್ಲ ಒಳಗೆ ಸುರಿದಿದೆ" ಎಂದ.

ಆ ಕಪ್ಪಿನೊಳಗೆ ಎಲ್ಲೋ ತಾಯಪ್ಪ ಇದ್ದಾನೆ. ಪುಣೆಯ ಧನಕವಡಿಯಲ್ಲಿ ಏಳು ಮಹಡಿ ಕಟ್ಟಡದ ಮುಂದೆ, ತಲೆಗೆ ಟವೆಲ್ಲು ಸುತ್ತಿ, ಗಾರೆ ಮೆತ್ತುವ ಥಾಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಗೌಂಡಿ ತಾಯಪ್ಪ. ಚಿತ್ರ ತೆಗೆದ ಮರುವಾರವೇ ಸಾರುವೆ ಮುರಿದು ಮೇಲಿಂದ ಬಿದ್ದು ಸತ್ತ. ಈಗ ಗುತ್ತಿಗೆದಾರ ಸೇಠ ಕಾರ್ಮಿಕ ಅಧಿಕಾರಿಯ ಮುಂದೆ ಏನು ಹೇಳಿದ್ದಾನೆ? ಆ ಹೆಸರಿನವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಯಾರೋ ದಾರಿಹೋಕ ಒಳಗೆ ನುಗ್ಗಿ ಬಿದ್ದಿದ್ದಾನೆ. ಆಳುಗಳನ್ನು ಊರಿಂದ ಕರೆತರುವ ಮುಕಾದಮ ಮಾಂತು, ಅವನೂ ತಾಯಪ್ಪನ ಊರಿನವನೇ, ಸೇಠನ ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದ್ದಾನೆ.

ದಾರಿಹೋಕನಂತೆ. ಏಳನೇ ಮಹಡಿಯಲ್ಲಿ ಯಾವ ಊರಿಗೆ ಹೋಗುವ ದಾರಿ ಇದೆ?

ಇಂಥ ಸುಳ್ಳಿಗೆ ಉತ್ತರವಾಗಲೆಂದೇ ನಮ್ಮ ಕಟ್ಟಡ ಕಾರ್ಮಿಕರ ಸಂಘ ತೀರ್ಮಾನ ಮಾಡಿತ್ತು: ಕಟ್ಟುವವರೆಲ್ಲರ ಚಿತ್ರ, ಅವರು ಕಟ್ಟುತ್ತಿರುವ ಕಟ್ಟಡದ ಮುಂದೆಯೇ. ಕ್ಯಾಮೆರಾ ಹೊಳಬಸಪ್ಪ ಮಾಸ್ತರರದು. ಸಂಘ ಕಟ್ಟಿದವರು ಅವರು, ಕಚೇರಿಯೊಂದರ ಗುಮಾಸ್ತೆಯಾದ ನನ್ನನ್ನು ಬೀದಿಗಿಳಿಸಿದವರು. ಕಳೆದ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಂಡತಿ ಕಾಶಕ್ಕ ಆ ಹಳೆಯ ಯಾಷಿಕಾವನ್ನು ನನ್ನ ಕೈಗಿಟ್ಟಳು. ಒಂದರ ಮೇಲೊಂದು ಎರಡು ಕಣ್ಣು, ಮೇಲಿನಿಂದ ತಲೆ ಬಗ್ಗಿಸಿ ನೋಡಬೇಕು. ಆಗಸ್ಟಿನಲ್ಲಿ ಕ್ಯಾಂಪ್ ಬಡಾವಣೆಯ ಒಂದು ಅಂಗಡಿಯಲ್ಲಿ ಸರ್ವಿಸ್ ಮಾಡಿಸಿದ್ದೆ. ರಸೀದಿಯ ಮೇಲೆ "ಏಕದಮ್ ಓಕೆ" ಎಂದು ಬರೆದು, ಅಂಗಡಿಯವನು ಮೊಹರು ಒತ್ತಿ ಕೊಟ್ಟಿದ್ದ.

ನಾಳೆ ಆ ಮೊಹರನ್ನು ಅವನ ಮೂಗಿನ ಮುಂದೆ ಹಿಡಿಯುತ್ತೇನೆ.

೧೩ ಸೆಪ್ಟೆಂಬರ್, ಶುಕ್ರವಾರ

ಹಿಡಿದೆ. ಅವನು ರಸೀದಿಯನ್ನು ನೋಡಲೂ ಇಲ್ಲ. ಕ್ಯಾಮೆರಾವನ್ನು ತಿರುಗಿಸಿ ನೋಡಿ, ನಗುತ್ತ, "ತಾಯಿ, ಇದರೊಳಗೆ ಅರಿಶಿನ ಇದೆ. ಜೇಜುರಿಯ ಭಂಡಾರ. ದೇವರ ಪುಡಿ ಒಳಗೆ ಹೋದರೆ ನಾನೇನು ಮಾಡಲಿ?" ಎಂದ.

ಭಂಡಾರ. ಹೊಳಬಸಪ್ಪ ಮಾಸ್ತರರ ಕ್ಯಾಮೆರಾದೊಳಗೆ ಖಂಡೋಬನ ಭಂಡಾರ. ಸಂಘದ ಕಚೇರಿ ತೆರೆದ ದಿನ ತೆಂಗಿನಕಾಯಿ ತಂದವನನ್ನು ಹಾಗೇ ಹಿಂದಕ್ಕೆ ಕಳಿಸಿದ ಮನುಷ್ಯ ಅವರು. ಸತ್ತಾಗ ಹಣೆಗೆ ವಿಭೂತಿ ಬೇಡವೆಂದು ಮೊದಲೇ ಹೇಳಿಟ್ಟವರು. ನನಗೆ ಗೊತ್ತು ಈ ನಗು ಎಂಥದೆಂದು. ಕರ್ನಾಟಕದ ಕೂಲಿಯವರೆಂದರೆ ಇವರಿಗೆ ಲಾರಿ ತುಂಬ ಜೇಜುರಿಗೆ ಹೋಗುವ ಹಳದಿ ಮುಖಗಳು, ಅಷ್ಟೇ. ತನ್ನ ಕಳ್ಳ ಕೆಲಸ ಮುಚ್ಚಿಕೊಳ್ಳಲು ನಮ್ಮ ಜನರ ಮುಖಕ್ಕೆ ಅರಿಶಿನ ಎರಚುತ್ತಾನೆ.

ಅರ್ಧ ದಿನ ರಜೆ ಹಾಕಿ ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ. ಒಬ್ಬಳೇ. ಬಂದ ಗಿರಾಕಿಗಳಿಗೆಲ್ಲ ಇವನು ಹುಸಿ ಮೊಹರಿನವನು ಎಂದು ಮರಾಠಿಯಲ್ಲಿ ಹೇಳಿದೆ. ಇಬ್ಬರು ತಿರುಗಿ ಹೋದರು. ಅವನು ಜಗಳಕ್ಕೆ ಬರಲಿಲ್ಲ. ಚಹಾ ಕಳಿಸಿದ. ಮುಟ್ಟಲಿಲ್ಲ.

ಅರ್ಧ ಕುಡಿದೆ. ಗಂಟಲು ಒಣಗಿತ್ತು.

೧೬ ಸೆಪ್ಟೆಂಬರ್, ಸೋಮವಾರ

ಕಚೇರಿಯ ಗೆಳತಿಯ ಪ್ಲಾಸ್ಟಿಕ್ ಕ್ಯಾಮೆರಾ ಕಡ ತಂದು ಸೈಟಿಗೆ ಹೋದೆ. ಕೆಲಸ ಬಿಟ್ಟ ಹೊತ್ತು. ತಗಡಿನ ಶೆಡ್ಡುಗಳ ಮುಂದೆ ರೊಟ್ಟಿಯ ಹೊಗೆ. ನಾನು ಕ್ಯಾಮೆರಾ ಎತ್ತಿದ್ದೇ ತಡ ಹೆಂಗಸರು ಸೆರಗು ಎಳೆದುಕೊಂಡು ಒಳಗೆ ಹೋದರು. ಗಂಡಸರು ಬೀಡಿ ಹಚ್ಚಲು ಗೋಡೆಯ ಕಡೆ ತಿರುಗಿದರು. ಉಳಿದವಳು ಸಾಬವ್ವ ಒಬ್ಬಳೇ, ತಾಯಪ್ಪನ ಹೆಂಡತಿ. ಗಂಡ ಸತ್ತ ಹತ್ತು ದಿನಕ್ಕೇ ಮತ್ತೆ ಬುಟ್ಟಿ ಹೊರುತ್ತಿದ್ದಾಳೆ.

"ಆ ಡಬ್ಬಿ ಒಳಗ ಇಡ್ರಿ ಅನುಸೂಯಕ್ಕಾರ. ಅದರ ಮುಂದ ಯಾರೂ ನಿಂದ್ರಂಗಿಲ್ಲ."

"ಯಾಕ ಸಾಬವ್ವ? ನಿಮ್ಮ ಸಲುವಾಗೇ ತಂದೇನಿ."

"ಮಾಸ್ತರ ಕ್ಯಾಮೆರಾ ಆದ್ರ ನಿಂದರ್ತಿದ್ವಿ. ಅದೂ ನಿಮ್ಮ ಕೈಯಾಗ ಬಂದು ಕೆಟ್ಟಿತು. ಮಾಸ್ತರ ಮಾಡತಿದ್ದದ್ದು ನೀವು ಮಾಡಲಿಲ್ಲ. ಅದಕ್ಕ ನಮ್ಮವ ಹೋದ ಅಂತಾರ ಎಲ್ಲಾರೂ."

"ಮಾಸ್ತರ ಏನು ಮಾಡತಿದ್ದರು?"

"ನನ್ನ ಬಾಯಿಲೆ ಯಾಕ ಕೇಳತೀರಿ. ನಿಮಗ ಗೊತ್ತಿರಬೇಕಲ್ಲ."

ಮೂಢರು. ಸಾರುವೆಯ ಹಗ್ಗ ಕೊಳೆತಿತ್ತು, ಸೇಠ ಹೊಸದು ತರಲಿಲ್ಲ, ಅದಕ್ಕೆ ಸತ್ತ. ಅದು ಬಿಟ್ಟು ಕ್ಯಾಮೆರಾದ ಮೇಲೆ ಹೊರಿಸುತ್ತಾರೆ. ಒಂದು ಗಂಟೆ ತಿಳಿಸಿ ಹೇಳಿದೆ. ಸಾಬವ್ವ ರೊಟ್ಟಿ ತಟ್ಟುತ್ತ ಎಲ್ಲ ಕೇಳಿದಳು, ಕೊನೆಗೆ ಒಂದು ರೊಟ್ಟಿ ಕೊಟ್ಟಳು.

ಒಂದು ಮಾತು ಮಾತ್ರ ಕೆಲಸದ್ದು ಹೇಳಿದಳು. ದಸರೆ ಮುಗಿದರೆ ಇಡೀ ತಂಡವನ್ನು ಮಾಂತು ನಾಸಿಕ್ ಕಡೆಗೆ ಸಾಗಿಸುತ್ತಾನೆ. ಆಮೇಲೆ ಈ ಕಟ್ಟಡದ ಮುಂದೆ ಯಾರೂ ಇರುವುದಿಲ್ಲ, ತಾಯಪ್ಪನನ್ನು ಕಂಡೆವು ಎನ್ನುವವರೂ ಇರುವುದಿಲ್ಲ. ಎಲ್ಲರೂ ಒಟ್ಟಿಗೆ, ಹಗಲಲ್ಲಿ, ಸೈಟಿನಲ್ಲಿ ಸಿಗುವುದು ಖಂಡೇ ಪೂಜೆಯ ದಿನ, ದಸರೆಯ ಹಿಂದಿನ ದಿನದ ಆಯುಧಪೂಜೆಯಂದು ಮಾತ್ರ. ಅಂದು ಕೆಲಸ ಇರುವುದಿಲ್ಲ, ಕೆಲಸದ ಹತ್ಯಾರಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಸೇಠನ ಹೆಸರು ಬರೆದ ಕಾಂಕ್ರೀಟ್ ಮಿಕ್ಸರಿಗೂ ಹಾರ ಬೀಳುತ್ತದೆ.

ಆ ಹೆಸರಿನ ಮುಂದೆ ಅವರನ್ನು ನಿಲ್ಲಿಸಬೇಕು. ಮಾಸ್ತರರ ಕ್ಯಾಮೆರಾ ಅಷ್ಟರೊಳಗೆ ಕಣ್ಣು ಮಿಟುಕಿಸಬೇಕು. ಈ ಪುಣೆಯಲ್ಲಿ ಒಬ್ಬ, ಒಬ್ಬನೇ ಒಬ್ಬ ನಂಬಿಗಸ್ತ ರಿಪೇರಿಯವನು ಸಿಗಬಾರದೇ?

೨೧ ಸೆಪ್ಟೆಂಬರ್, ಶನಿವಾರ

ಬುಧವಾರ ಪೇಟೆ ಎಂಬ ಬಡಾವಣೆಯಲ್ಲಿ, ಮರದ ಏಣಿ ಹತ್ತಿ ಹೋಗುವ ಒಂದು ಕೋಣೆ. ಗೋಡೆ ತುಂಬ ಬಿಚ್ಚಿದ ಕ್ಯಾಮೆರಾಗಳು, ಕಣ್ಣು ಕಿತ್ತ ಮೀನಿನಂತೆ. ಒಂದರ ಕಣ್ಣು ಇನ್ನೊಂದಕ್ಕೆ ಹಾಕುವುದೇ ಇಲ್ಲಿಯ ವಿದ್ಯೆ. ಅಂಗಡಿಯವನು ನನ್ನದನ್ನು ಎತ್ತಿಕೊಂಡ ರೀತಿಯಲ್ಲೇ ಗೊತ್ತಾಯಿತು, ಕಟುಕ ಆಡಿನ ಬೆನ್ನು ಸವರುವ ಹಾಗೆ.

"ರಿಪೇರಿ ಯಾಕೆ ತಾಯಿ, ನನಗೇ ಕೊಟ್ಟುಬಿಡಿ. ಕೋರೆಗಾಂವ್ ಪಾರ್ಕಿನ ಬಂಗಲೆಯವರು ಶೋಕೇಸಿನಲ್ಲಿಡಲು ಕೇಳುತ್ತಾರೆ. ಒಳಗೆ ಅರಿಶಿನ ತುಂಬಿದ್ದರೂ ಅವರಿಗೇನು, ಅವರು ಫೋಟೋ ತೆಗೆಯುತ್ತಾರೆಯೇ?"

ಇವನೂ ಅರಿಶಿನ ಎಂದ. ಇಬ್ಬರೂ ಮಾತಾಡಿಕೊಂಡಿದ್ದಾರೆ. ಇಂಥ ಅಂಗಡಿಗಳೆಲ್ಲ ಒಂದೇ ಬಳ್ಳಿಯ ಕಾಯಿ.

ಗಿರಣಿ ಮುಷ್ಕರ ಕಂಡ ಕ್ಯಾಮೆರಾ, ಲಾಠಿ ಏಟು ತಿಂದು ಒಂದು ಮೂಲೆ ಜಜ್ಜಿದ ಕ್ಯಾಮೆರಾ, ಬಂಗಲೆಯ ಗಾಜಿನ ಕಪಾಟಿನಲ್ಲಿ ವಿಸ್ಕಿ ಬಾಟಲಿಯ ಪಕ್ಕ ಕೂರಬೇಕಂತೆ. ನಮ್ಮ ಬೆವರು ಕಟ್ಟಡಕ್ಕೆ, ನಮ್ಮ ಕ್ಯಾಮೆರಾ ಅಲಂಕಾರಕ್ಕೆ. ಕಸಿದುಕೊಂಡು ಇಳಿದೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ಚಪ್ಪಲಿ ಹರಿಯಿತು.

೨೯ ಸೆಪ್ಟೆಂಬರ್, ಭಾನುವಾರ

ಯಾರೋ ಹೇಳಿದರೆಂದು ದೇಹೂ ರೋಡಿಗೆ ಹೋದೆ. ಸೈನ್ಯದ ವರ್ಕ್‌ಶಾಪಿನಲ್ಲಿ ದುರ್ಬೀನು ರಿಪೇರಿ ಮಾಡುತ್ತಿದ್ದು ನಿವೃತ್ತನಾದ ಲೋಕನಾಥ. ಗದಗದ ಕಡೆಯವನು. ಮೀಸೆಗೆ ಅತ್ತರು. ಕೂರು ಎನ್ನುವ ಮೊದಲೇ ಶುರು ಮಾಡಿದ.

"ಬ್ರಿಗೇಡಿಯರ್ ಸಾಹೇಬರ ದುರ್ಬೀನು ಈ ಕೈಲೆ ಬಿಚ್ಚೇನಿ. ಇಡೀ ದಕ್ಷಿಣ ಕಮಾಂಡಿನಾಗ ನನ್ನಂಥವ ಇನ್ನೊಬ್ಬ ಇದ್ದಿದ್ದಿಲ್ಲ. ನೀವು ಏನು ಕೆಲಸ ಮಾಡತೀರಿ?"

ಹೇಳಿದೆ.

"ಓಹೋ, ಕಾಮ್ರೇಡ್ ಬಾಯಾರು. ನೀವು ಕಾಲಿಟ್ಟಲ್ಲಿ ಕೆಲಸ ನಿಂದರತದ ಅಂತ ಕೇಳೇನಿ. ನನ್ನ ಮನ್ಯಾಗ ನಿಂದರಬಾರದು ನೋಡ್ರಿ."

ಸಂಘಗಳಿಂದಲೇ ದೇಶ ಹಾಳಾಯಿತು, ಎಲ್ಲರಿಗೂ ಎರಡು ವರ್ಷ ಮಿಲಿಟರಿ ಕಡ್ಡಾಯ ಮಾಡಬೇಕು ಎಂಬ ಜಾತಿಯ ಮನುಷ್ಯ. ಎದ್ದು ಬರಬೇಕಿತ್ತು. ಆದರೆ ಮಾತಾಡುತ್ತಲೇ ಮುಂದಿನ ಕಣ್ಣನ್ನು ಬಿಚ್ಚಿದ್ದ. ಶಟರಿನ ತೆಳು ಎಲೆಗಳ ಮೇಲೆ ಬಿಳಿ ಬಟ್ಟೆ ಒತ್ತಿ ತೆಗೆದು ನನ್ನ ಮುಂದೆ ಚಾಚಿದ. ಹಳದಿ.

"ಅರಿಶಿಣ," ಎಂದ. "ಅದರ ಮ್ಯಾಲೆ ಯಾವನೋ ಪುಣ್ಯಾತ್ಮ ಎಣ್ಣಿ ಬಿಟ್ಟಾನ. ಅರಿಶಿಣ ಹಾಕಿ, ಎಣ್ಣಿ ಹಾಕಿ, ಒಗ್ಗರಣಿ ಮಾಡ್ಯಾನ. ಸಾಸಿವಿ ಒಂದು ಉಳಿದಿತ್ತು."

ನಾನು ನಗಲಿಲ್ಲ. ರಸೀದಿ ಕೇಳಿದೆ. "ರಸೀದಿ ಇಲ್ರಿ. ನನ್ನ ಮನಿ ಇಲ್ಲೇ ಅದ, ನಾನೂ ಇಲ್ಲೇ ಇರತೇನಿ" ಎಂದ. ಬಿಟ್ಟೇನೆಯೇ? ನಾನೇ ಹಾಳೆ ಹರಿದು ಬರೆದೆ: ಕ್ಯಾಮೆರಾ ಒಂದು, ಅದರ ಮೇಲಿನ ನಂಬರು, ಎರಡು ಕಣ್ಣಿನ ನಂಬರು, ಜಜ್ಜಿದ ಮೂಲೆ. ಸಹಿ ಹಾಕಿಸಿಕೊಂಡೆ. ಮಿಲಿಟರಿಯ ಗತ್ತಿನಲ್ಲಿ ಹಾಕಿದ, ಕೆಳಗೆ ಎರಡು ಗೆರೆ ಎಳೆದ.

೩೦ ಸೆಪ್ಟೆಂಬರ್

ಹಳದಿ ಬಟ್ಟೆಯ ತುಂಡು ನನ್ನ ಪರ್ಸಿನಲ್ಲಿದೆ. ಮೂಸಿದೆ. ಅರಿಶಿನವೇ.

೩ ಅಕ್ಟೋಬರ್, ಗುರುವಾರ

ಕಾಶಕ್ಕನ ಮನೆಗೆ ಹೋಗಿ ಆ ಬಟ್ಟೆಯನ್ನು ಅವಳ ಮುಂದಿಟ್ಟೆ. ಯಾರು ಮಾಡಿದ್ದು ಎಂದೆ. ಅವಳು ಕೊತ್ತಂಬರಿ ಸೋಸುವುದನ್ನು ನಿಲ್ಲಿಸಲಿಲ್ಲ.

"ಯಾರು ಮಾಡಬೇಕು ತಂಗಿ. ಅವರೇ."

"ಯಾರು ಅವರು?"

"ನನ್ನ ಗಂಡ. ನಿನ್ನ ಮಾಸ್ತರ. ವರ್ಷಾ ಖಂಡೇ ಪೂಜಿಗೆ ಸೈಟಿಗೆ ಹೋಗಿ ಸನಿಕಿ, ಥಾಪಿ ಇಟ್ಟಲ್ಲೇ ಇದನ್ನೂ ಇಡತಿದ್ದರು. ಜೇಜುರಿ ಭಂಡಾರ ನಾನೇ ಕಟ್ಟಿ ಕೊಡತಿದ್ದೆ."

ಮೊದಲ ವರ್ಷದ ಕಥೆಯನ್ನೂ ಹೇಳಿದಳು. ತೊಂಬತ್ತೊಂದರಲ್ಲಿ, ಹಡಪಸರದ ಒಂದು ಸೈಟು. ಕಪ್ಪು ಡಬ್ಬಿ ಜೀವ ಎಳೆದುಕೊಳ್ಳುತ್ತದೆಂದು ಒಬ್ಬರೂ ಮುಂದೆ ನಿಲ್ಲಲಿಲ್ಲ. ಮಾಸ್ತರರು ಭಾಷಣ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡರು. ಖಂಡೇ ಪೂಜೆಯ ದಿನ ಏನೂ ಮಾತಾಡದೆ ಹೋಗಿ ಹತ್ಯಾರಗಳ ನಡುವೆ ಕ್ಯಾಮೆರಾ ಇಟ್ಟರಂತೆ. ಒಬ್ಬ ಮುದುಕಿ ಅದರ ಮೇಲೂ ಅರಿಶಿನ ಹಾರಿಸಿದಳಂತೆ. ಅಂದು ಎಲ್ಲರೂ ನಿಂತರಂತೆ.

"ಹಾರಿಸೂ ಮುಂದ ಅದರ ಕಣ್ಣಿಗೆ ಅಂಗೈ ಮುಚ್ಚತಿದ್ದರು. ಕಡೀ ಎರಡು ವರ್ಷ ಕೈ ನಡುಗತಿತ್ತಲ್ಲ, ಒಳಗ ಹೋಗೇದ."

ಅಂಗೈ. ಪ್ರತಿ ದಸರೆಯ ಹೊತ್ತಿಗೆ ಅವರ ಅಂಗೈ ಹಳದಿಯಾಗಿರುತ್ತಿತ್ತು. ಫಿಲ್ಮು ತೊಳೆಯುವ ಔಷಧಿಯ ಕಲೆ ಎಂದಿದ್ದರು. ಪೂಜೆಯ ದಿನ ಸೈಟಿನತ್ತ ಕಾಲಿಡದ ನಾನು ನಂಬಿದ್ದೆ. ಸೀಗೆಪುಡಿ ಹಾಕಿ ತೊಳೆಯಿರಿ ಎಂದು ಬುದ್ಧಿ ಬೇರೆ ಹೇಳಿದ್ದೆ.

ಮಾಸ್ತರ, ನನಗೆ ಹೇಳಬಹುದಿತ್ತು. ನಿಮ್ಮ ಮಾತು ಕೇಳಿ ನಾನು ನಮ್ಮವ್ವನ ಜಗಲಿಯ ಮೇಲಿನ ದೇವರನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಅವ್ವ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಸಭೆಯಲ್ಲಿ ಸಿಂಹದ ಹಾಗೆ ಗರ್ಜಿಸಿ, ಸೈಟಿನಲ್ಲಿ ಮುದುಕಿಯ ಅರಿಶಿನಕ್ಕೆ ಅಂಗೈ ಒಡ್ಡಿದಿರಿ. ಯಾವುದು ನೀವು? ಸತ್ತವರ ಜೊತೆ ಜಗಳವಾಡುವುದು ಎಷ್ಟು ಕಷ್ಟ. ಎದುರು ಮಾತು ಬರುವುದಿಲ್ಲ, ಬಿಟ್ಟು ಎದ್ದುಹೋಗಲೂ ಆಗುವುದಿಲ್ಲ.

ಕ್ಯಾಂಪಿನವನು ಅರಿಶಿನದ ಬಗ್ಗೆ ಹೇಳಿದ್ದು ಸುಳ್ಳಲ್ಲ. ಎಣ್ಣೆ ಮಾತ್ರ ಅವನದೇ. ಅದನ್ನು ಬಿಡುವುದಿಲ್ಲ.

೬ ಅಕ್ಟೋಬರ್, ಭಾನುವಾರ

ಕ್ಯಾಮೆರಾ ತಂದೆ. ನನ್ನ ಹಾಳೆಯನ್ನು ಹಿಡಿದು ಒಂದೊಂದು ನಂಬರನ್ನೂ ತಾಳೆ ನೋಡಿದೆ. ಲೋಕನಾಥ ಮೀಸೆ ತಿರುವುತ್ತ, "ನನ್ನ ಕಿಸೆನೂ ನೋಡ್ರಿ, ಇನ್ನೊಂದು ಕಣ್ಣು ಅಲ್ಲಿ ಇಟ್ಟೇನಿ" ಎಂದ. ನೋಡಲಿಲ್ಲ. ಮನೆಯ ಮಹಡಿಯಿಂದ ಒಂದು ರೋಲು ತೆಗೆದೆ.

೧೦ ಅಕ್ಟೋಬರ್, ಗುರುವಾರ

ಅರ್ಧಕ್ಕರ್ಧ ಚಿತ್ರ ಸರಿ, ಉಳಿದವು ಮತ್ತೆ ಸುಟ್ಟಿವೆ. ಕಚೇರಿಗೆ ಚಕ್ಕರ್ ಹೊಡೆದು ನೇರ ದೇಹೂ ರೋಡಿಗೆ ಹೋದೆ. ರೈಲಿನಲ್ಲಿ ಇಡೀ ಭಾಷಣ ಸಿದ್ಧ ಮಾಡಿಕೊಂಡಿದ್ದೆ: ಮೊಹರಿನವನಿಗೂ ಮೀಸೆಯವನಿಗೂ ಏನು ವ್ಯತ್ಯಾಸ ಎಂದು ಆರಂಭ.

ಅವನು ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಭಾಷಣಕ್ಕೆ ಬಾಯಿ ತೆರೆದಿದ್ದೆ.

"ನನ್ನ ತಪ್ಪು ಇದು," ಎಂದ.

ನನಗೆ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ.

"ಮ್ಯಾಲಿನ ಎಲಿ ತೊಳೆದೆ. ಹಿಂದಿಂದು ತೊಳದಿಲ್ಲ. ಅಲ್ಲಿ ತನಕ ಹೋಗಿರಂಗಿಲ್ಲ ಅಂತ ತಿಳಕೊಂಡೆ. ಬಿಚ್ಚಿ ನೋಡಬೇಕಿತ್ತು, ಸೊಕ್ಕು ಮಾಡಿದೆ. ಇಟ್ಟು ಹೋಗ್ರಿ."

"ಸೋಮವಾರ ಖಂಡೇ ಪೂಜಿ ಅದ. ಅವತ್ತ ಬೇಕು. ಆಮ್ಯಾಲೆ ಉಪಯೋಗಿಲ್ಲ," ಎಂದೆ. ಯಾಕೆಂದು ಕೇಳಿದ. ತಾಯಪ್ಪನ ಸಂಗತಿ ಹೇಳಿದೆ, ದಾರಿಹೋಕನ ಮಾತನ್ನೂ ಹೇಳಿದೆ. ಸಂಘದ ಬಗ್ಗೆ ಏನೋ ಕುಟುಕುತ್ತಾನೆಂದು ಕಾದೆ. ಕನ್ನಡಕ ಒರೆಸಿದ, ಅಷ್ಟೇ.

ಹನ್ನೆರಡು ವರ್ಷದಲ್ಲಿ ಎಷ್ಟು ಅಧಿಕಾರಿಗಳ, ಎಷ್ಟು ಸೇಠರ, ನಮ್ಮವರೇ ಆದ ಎಷ್ಟು ಮುಂದಾಳುಗಳ ಮುಂದೆ ನಿಂತಿದ್ದೇನೆ. ಕೇಳುವ ಮೊದಲೇ ನನ್ನ ತಪ್ಪು ಎಂದವನನ್ನು ನೋಡಿದ್ದು ನೆನಪಿಲ್ಲ. ಭಾಷಣ ಹಾಗೇ ಉಳಿಯಿತು. ವಾಪಸು ಬರುವಾಗ ಅದನ್ನು ಎಲ್ಲಿ ಹಾಕಬೇಕೋ ತಿಳಿಯಲಿಲ್ಲ.

೧೩ ಅಕ್ಟೋಬರ್, ಭಾನುವಾರ

ಕೊಟ್ಟ. ಕಿವಿಯ ಹತ್ತಿರ ಹಿಡಿದು ಒಂದೊಂದೇ ವೇಗದಲ್ಲಿ ಕೇಳಿಸಿದ. ನಿಧಾನದ್ದು ನಿಧಾನಕ್ಕೆ ಮುಚ್ಚುತ್ತದೆ, ಅವಸರದ್ದು ಚಿಟಿಕೆ ಹೊಡೆದಂತೆ. ಆಮೇಲೆ ಕಿಸೆಯಿಂದ ಎರಡು ಕರಿಯ ಮುಚ್ಚಳ ತೆಗೆದ. ಯಾವುದೋ ಔಷಧಿ ಡಬ್ಬಿಯವು, ಒಳಗೆ ಮಖಮಲ್ಲಿನ ಪಟ್ಟಿ ಅಂಟಿಸಿದ್ದ.

"ಇವು ಯಾಕೆ?"

"ನಾಳಿ ನಿಮ್ಮ ಮಂದಿ ಅರಿಶಿಣ ಹಾರಿಸದ ಬಿಡತಾರೇನು?"

"ನಾವು ಅದನ್ನೆಲ್ಲ ಮಾಡಂಗಿಲ್ಲ."

"ಹೌದ್ರಿ. ಮೊದಲಿನವರೂ ಮಾಡತಿದ್ದಿಲ್ಲ, ಹಂಗೇ ಒಳಗ ಬಂದಿತ್ತು. ಹಾಕಿಕೊಂಡು ಹೋಗ್ರಿ ಬಾಯಾರ, ಧೂಳಿಗಂತ ತಿಳಕೋರ್ರಿ."

ಧೂಳಿಗೆಂದು ಹಾಕಿಕೊಂಡು ಬಂದೆ.

೧೪ ಅಕ್ಟೋಬರ್, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಮಿಕ್ಸರಿಗೆ ಚೆಂಡುಹೂವಿನ ಹಾರ, ಸೇಠನ ಹೆಸರಿನ ಮೇಲೆಯೇ. ಅದರ ಮುಂದೆ ಗೋಣಿತಾಟು ಹಾಸಿದ್ದರು. ಎಲ್ಲರೂ ತೊಳೆದ ಬಟ್ಟೆಯಲ್ಲಿ ನಿಂತಿದ್ದರು. ಇವರಲ್ಲಿ ಒಂದು ಪದ್ಧತಿ: ಮುಕಾದಮ ಪ್ರತಿಯೊಬ್ಬರ ಹತ್ಯಾರವನ್ನೂ ತನ್ನ ಕೈಯಾರೆ ಇಸಕೊಂಡು, ಯಾರದೆಂದು ಗಟ್ಟಿಯಾಗಿ ಹೆಸರು ಹೇಳಿ, ಕುಂಕುಮ ಹಚ್ಚಿ ಇಡಬೇಕು. ಯಾರ ಹೆಸರು ಕರೆದನೋ ಅವರು ಅವನ ತಂಡದವರು. ಅಂದು ಯಾವ ಹತ್ಯಾರವನ್ನೂ ಒಲ್ಲೆ ಎನ್ನುವಂತಿಲ್ಲ. ಎಂದರೆ ಮರುದಿನದಿಂದ ಅವನ ಕೈಕೆಳಗೆ ಯಾರೂ ಕೆಲಸ ಹಿಡಿಯುವುದಿಲ್ಲ.

ಸಾಬವ್ವ ನನ್ನ ಹೆಗಲ ಮೇಲಿನ ಚೀಲ ನೋಡಿದಳು.

"ಮೊದಲ ಅದನ್ನ ಇಡ್ರಿ ಅಕ್ಕಾರ. ಪೂಜಿ ಆದ ಕೂಡಲೆ ಎತಗೋರ್ರಿ. ಉಳಿದ ಹತ್ಯಾರ ನಾಳಿ ತನಕ ಮುಟ್ಟಂಗಿಲ್ಲ, ಅದು ನೋಡೂ ಹತ್ಯಾರ, ಅದಕ್ಕ ನಡೀತದ. ಮಾಸ್ತರ ಹಂಗೇ ಮಾಡತಿದ್ದರು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾದ ಮಾತುಗಳೆಲ್ಲ ನನಗೆ ಬಾಯಿಪಾಠ. ಮುಚ್ಚಳ ಎರಡೂ ಭದ್ರವಾಗಿವೆಯೇ ಎಂದು ಒತ್ತಿ ನೋಡಿ, ಮಾಂತುವಿನ ಕೈಗೆ ಕ್ಯಾಮೆರಾ ಕೊಟ್ಟೆ.

"ಹೊಳಬಸಪ್ಪ ಮಾಸ್ತರದು," ಎಂದು ಕೂಗಿದ.

"ಅನುಸೂಯಕ್ಕಾರದು ಅನ್ನೋ," ಎಂದಳು ಹಿಂದಿನಿಂದ ಒಬ್ಬ ಮುದುಕಿ.

"ಅನುಸೂಯಕ್ಕಾರದು."

ಮುದುಕಿ ಹಿಡಿ ಭಂಡಾರ ಹಾರಿಸಿದಳು. ನನ್ನ ಕಣ್ಣಿಗೂ ಬಿತ್ತು. ಕ್ಯಾಮೆರಾ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಮುಚ್ಚಳ ತೆಗೆದು, ತಲೆ ಬಗ್ಗಿಸಿ ನಿಂತೆ. ಗಾಜಿನೊಳಗೆ ಎಡದವರು ಬಲಕ್ಕೆ, ಬಲದವರು ಎಡಕ್ಕೆ. ಯಾರೂ ಮುಖ ತಿರುಗಿಸಲಿಲ್ಲ. ಸನಿಕೆ ಬಂತು, ಗುದ್ದಲಿ ಬಂತು, ಬುಟ್ಟಿ ಬಂತು. ಹೆಸರು ಕರೆದ ಹಾಗೆಲ್ಲ ನಾನು ಒತ್ತುತ್ತಿದ್ದೆ.

ಕೊನೆಗೆ ಸಾಬವ್ವ ಬಂದಳು. ಮಡಿಲಿಂದ ಒಂದು ಥಾಪಿ ತೆಗೆದಳು. ಹಿಡಿಕೆಗೆ ತಾಯಪ್ಪನ ಟವೆಲ್ಲಿನ ಚೂರು ಸುತ್ತಿತ್ತು. ಮಾಂತುವಿನ ಮುಂದೆ ಚಾಚಿದಳು.

ಮಾಂತುವಿನ ಕೈ ರೂಢಿಯಂತೆ ಮುಂದೆ ಬಂದು ಇಸಕೊಂಡಿತು. ಆಮೇಲೆ ಅವನಿಗೆ ತಿಳಿಯಿತು. ಹಿಂದಕ್ಕೆ ಕೊಡಲು ನೋಡಿದ. ಸಾಬವ್ವ ಕೈ ಹಿಂದೆ ಕಟ್ಟಿಕೊಂಡಿದ್ದಳು.

"ಯಾರದು ಹೇಳೋ ಮಾಂತು," ಎಂದಳು. ಮೆತ್ತಗೆ, ಮಗುವಿಗೆ ಊಟ ಮಾಡಿಸುವ ದನಿಯಲ್ಲಿ.

ಕಾತ್ರಜ ರಸ್ತೆಯ ಲಾರಿಗಳ ಸದ್ದು ಕೇಳುತ್ತಿತ್ತು.

"ತಾಯಪ್ಪಂದು," ಎಂದ. ಕುಂಕುಮ ಹಚ್ಚಿದ. ಸಾಲಿನಲ್ಲಿ ಇಟ್ಟ.

ಒತ್ತಿದೆ. ಶಟರು ತೆರೆದದ್ದು ಕೇಳಿಸಿತು, ಮುಚ್ಚಿಕೊಂಡದ್ದೂ ಕೇಳಿಸಿತು.

೧೫ ಅಕ್ಟೋಬರ್

ದಸರೆ. ಸ್ಟುಡಿಯೋ ಬಾಗಿಲು ಹಾಕಿದೆ. ಅನ್ನ ಸೇರಲಿಲ್ಲ.

೧೭ ಅಕ್ಟೋಬರ್, ಗುರುವಾರ

ಬಂದಿವೆ. ಎಲ್ಲವೂ. ಕೊನೆಯದರಲ್ಲಿ ಮಾಂತುವಿನ ಬಗ್ಗಿದ ಬೆನ್ನು, ಕೈಯಲ್ಲಿ ಥಾಪಿ, ಹಿಂದೆ ಹಾರದ ನಡುವೆ ಸೇಠನ ಹೆಸರಿನ ಅರ್ಧ, ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡ ಸಾಬವ್ವ. ಟವೆಲ್ಲಿನ ಚೂರಿನ ಗೆರೆಗಳನ್ನೂ ಎಣಿಸಬಹುದು.

ಸಂಜೆ ಮಾಂತು ಮನೆಗೇ ಬಂದ. ಹೊಸ್ತಿಲ ಹೊರಗೆ ನಿಂತ.

"ಫೋಟೋ ಬಂದಾವೇನ್ರಿ ಅಕ್ಕಾರ?"

ತೋರಿಸಿದೆ. ತನ್ನನ್ನೇ ನೋಡಿಕೊಂಡು ನಿಂತ. ಹರಿದು ಹಾಕುತ್ತಾನೆಂದು ನಾನು ನೆಗೆಟಿವ್ ಮೊದಲೇ ಅಡಗಿಸಿದ್ದೆ.

"ಸೇಠ ಕೆಲಸ ಕಸಗೊಂತಾನ್ರಿ."

"ಕಸಗೊಳ್ಳಲಿ. ಸಂಘ ಅದ. ನಿನ್ನ ಜೋಡಿ ಕೂಡತೇವಿ."

"ನಿಮ್ಮ ಸಂಘ ನನಗ ಮುಕಾದಮ, ಸೇಠನ ಚಮಚಾ ಅಂತ ಘೋಷಣಾ ಕೂಗೇದಲ್ರಿ."

"ಕೂಗೇದ. ನಾನೇ ಕೂಗಿಸೇನಿ. ಒಳಗ ಬಾ, ಚಹಾ ಕುಡಿ."

ಬಂದ. ಕುಡಿದ. ಹೋಗುವಾಗ, "ಪೂಜ್ಯಾಗ ಇಟ್ಟ ಮ್ಯಾಲೆ ಇಟ್ಟಿಲ್ಲ ಅಂತ ಹೆಂಗ ಅಂತಾರ್ರಿ" ಎಂದ. ಅಧಿಕಾರಿಯ ಮುಂದೆ ಹೇಳಿದ ಮೇಲೆ ನಂಬುತ್ತೇನೆ.

೨೧ ಅಕ್ಟೋಬರ್, ಸೋಮವಾರ

ಹೇಳಿದ.

ಚಿತ್ರ ಪುರಾವೆಯಾಗುವುದಿಲ್ಲ ಎಂದು ಸೇಠನ ವಕೀಲ ಎದ್ದ. ಅಧಿಕಾರಿ ಮಾಂತುವನ್ನು ಕೇಳಿದ. ಮಾಂತು ಸೇಠನ ಕಡೆ ನೋಡಲಿಲ್ಲ, ಮೇಜಿನ ಮೇಲಿನ ಚಿತ್ರವನ್ನೇ ನೋಡುತ್ತ, ತಾಯಪ್ಪ ನನ್ನ ತಂಡದವ, ಎರಡು ವರ್ಷದಿಂದ, ನಾನೇ ಕರೆತಂದೆ, ಹಗ್ಗ ಹಳೆಯದಿತ್ತು ಎಂದ. ಎಲ್ಲ ಬರೆದುಕೊಂಡರು. ಸಾಬವ್ವ ಹೊರಗೆ ಬಂದು ಗೋಡೆಗೆ ಒರಗಿ ಅತ್ತಳು. ಗಂಡ ಸತ್ತಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ.

೨೭ ಅಕ್ಟೋಬರ್, ಭಾನುವಾರ

ಕ್ಯಾಮೆರಾ ತೆಗೆದುಕೊಂಡು ದೇಹೂ ರೋಡಿಗೆ ಹೋಗಿದ್ದೆ. ಮುಚ್ಚಳದ ಅಂಚಿಗೆ ಹಳದಿ ಕೂತಿತ್ತು, ಒಳಗೂ ಹೋಗಿದೆಯೇನೋ ಎಂದು ಅನುಮಾನ. ಲೋಕನಾಥರು ನೋಡಿದ ಕೂಡಲೇ, "ಧೂಳಿ ಭಾಳ ಅದ ಬಿಡ್ರಿ ನಿಮ್ಮ ಸೈಟಿನ್ಯಾಗ, ಹಳದಿ ಧೂಳಿ" ಎಂದರು. ಆ ಚಿತ್ರ ಕೊಟ್ಟೆ. ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಮೇಲೆತ್ತಿ ನೋಡಿದರು. "ಫೋಕಸ್ ಛಲೋ ಬಂದದ, ನನ್ನ ಕೈ ಬಿದ್ದಮ್ಯಾಲೆ ಬರಬೇಕಲ್ಲ" ಎಂದರು. ಸಂಘಗಳಿಂದ ದೇಶ ಹಾಳಾಯಿತೆಂದು ಮತ್ತೆ ಶುರುವಾಯಿತು. ಒಂದು ಗಂಟೆ ಜಗಳವಾಡಿದೆವು. ಅವರ ಮನೆಯವರು ಉಪ್ಪಿಟ್ಟು ಕೊಟ್ಟರು.

ವಾಪಸು ಬರುವಾಗ ರೈಲು ಆಕುರ್ಡಿ ದಾಟಿದ ಮೇಲೆ ನೆನಪಾಯಿತು: ಕ್ಯಾಮೆರಾವನ್ನು ತೊಳೆಯಲೆಂದು ಅವರ ಬಳಿ ಬಿಟ್ಟು ಬಂದೆ, ರಸೀದಿ ಬರೆಸಿಕೊಳ್ಳಲಿಲ್ಲ. ನಂಬರುಗಳ ಹಾಳೆ ಪರ್ಸಿನಲ್ಲೇ ಇತ್ತು.

ಚಿಂಚವಡದಲ್ಲಿ ಇಳಿದು ಹಿಂದಕ್ಕೆ ಹೋಗೋಣ ಎಂದುಕೊಂಡೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ಇಳಿಯಲಿಲ್ಲ.